ಎಂಟನೇ ದಿನದ ಮಣ್ಣುಕೂಸು

ದುನ್‌ಹುವಾಂಗ್ ಪೇಟೆ, ಪೂರ್ವ ಬಾಗಿಲಿನ ಶಾಲೆ
ಮೇ ೧೧, ೧೯೫೭ (ಅಮ್ಮನ ಲೆಕ್ಕದಲ್ಲಿ ನಾಲ್ಕನೇ ತಿಂಗಳ ಹನ್ನೆರಡು)

ಪ್ರೀತಿಯ ಅತ್ತಿಗೇ,

ಹೇಗಿದ್ದೀಯ? ಒಲೆಯ ಹೊಗೆಯಿಂದ ಹತ್ತಿಕೊಂಡ ಕೆಮ್ಮು ಇಳಿಯಿತೇ? ಒಣ ಜರ್ದಾಳು ನೆನೆಸಿದ ನೀರನ್ನು ಬೆಳಿಗ್ಗೆ ಬಿಸಿ ಮಾಡಿ ಕುಡಿ ಎಂದಿದ್ದೆ. ನೀನು ಅದನ್ನು ಅಮ್ಮನಿಗೆ ಕೊಟ್ಟು ಬರೀ ನೀರು ಕುಡಿದಿರುತ್ತೀಯ ಎಂದು ನನಗೆ ಗೊತ್ತು. ಕೈಯ ಬಿರುಕುಗಳಿಗೆ ಕುರಿಕೊಬ್ಬು ಹಚ್ಚುತ್ತಿದ್ದೀಯಾ? ಸಹಕಾರ ಸಂಘದ ಗೋಧಿಗೆ ಎರಡನೆಯ ನೀರು ಬಿಟ್ಟಾಯಿತೇ? ಅಣ್ಣ ಈಗಲೂ ಊಟದ ಹೊತ್ತಿನಲ್ಲಿ ಬಟ್ಟಲಿನೊಳಗೇ ಮುಖವಿಟ್ಟು ಕೂರುತ್ತಾನೆಯೇ? ನಾನು ಚೆನ್ನಾಗಿದ್ದೇನೆ. ಐದು ದಿನದಿಂದ ಮರಳುಗಾಳಿ. ಹಲ್ಲು ಕಚ್ಚಿದರೆ ಕರಕರ ಎನ್ನುತ್ತದೆ, ಅದು ನಮ್ಮೂರಿನಲ್ಲೂ ಇದ್ದದ್ದೇ. ಅಕ್ಷರ ಕಲಿಸಲು ತರಬೇತಿಗೆ ಬಂದ ಇಪ್ಪತ್ತು ಹುಡುಗಿಯರು ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತೇವೆ. ಒಬ್ಬಳು ಮಗ್ಗುಲು ಬದಲಿಸಿದರೆ ಇಪ್ಪತ್ತು ಜನವೂ ಬದಲಿಸಬೇಕು. ಬೆಳಿಗ್ಗೆ ಎಲ್ಮ್ ಮರದ ಎಳೆಬೀಜಕ್ಕೆ ಹಿಟ್ಟು ಕಲಸಿ ಹಬೆಯಲ್ಲಿ ಬೇಯಿಸಿ ಕೊಡುತ್ತಾರೆ. ನೀನು ಮಾಡಿದ ಹಾಗಿರುವುದಿಲ್ಲ, ಉಪ್ಪು ಹಾಕಲು ಅಂಜುತ್ತಾರೆ.

ಈ ಕಾಗದವನ್ನು ನೀನೇ ಓದಬೇಕು. ನಾನು ಹೊರಡುವಾಗ ನಿನಗೆ ನಾನೂರ ಹನ್ನೆರಡು ಅಕ್ಷರ ಬರುತ್ತಿತ್ತು, ಆದ್ದರಿಂದ ಆದಷ್ಟು ಸುಲಭದ ಮಾತುಗಳಲ್ಲೇ ಬರೆಯುತ್ತಿದ್ದೇನೆ. ಗೊತ್ತಾಗದ ಅಕ್ಷರದ ಸುತ್ತ ಸೊನ್ನೆ ಹಾಕಿಡು, ಬಂದ ಮೇಲೆ ಹೇಳಿಕೊಡುತ್ತೇನೆ. ಸಂಘದಲ್ಲಿ ಹಾಜರಿ ಬರೆಯುವ ಝಾವೊ ಚಿಕ್ಕಪ್ಪನ ಹತ್ತಿರ ಮಾತ್ರ ಓದಿಸಬೇಡ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಮೂರೂ ಬಾವಿಗಳ ಕಟ್ಟೆಗೆ ಬಂದಿರುತ್ತದೆ. ಅಮ್ಮನಿಗೆ ಬೇರೆ ಕಾಗದ ಹಾಕಿದ್ದೇನೆ, ಅದರಲ್ಲಿ ಗಾಳಿಯ ವಿಷಯ ಮಾತ್ರ ಇದೆ.

ನಾನು ಹೊರಟ ದಿನದ ಮಾತಿನಿಂದಲೇ ಶುರುಮಾಡುತ್ತೇನೆ, ಇಲ್ಲದಿದ್ದರೆ ಧೈರ್ಯ ಬರುವುದಿಲ್ಲ. ಲಾರಿಯ ಪಕ್ಕದಲ್ಲಿ ನೀನು ನನ್ನ ಜೇಬಿಗೆ ಕೆಂಪು ದಾರ ತುರುಕಿ, "ಎಂಟನೇ ದಿನ ನೀನು ಅಲ್ಲೇ ಇರ್ತೀಯ, ಲಾಯ್‌ದೀ. ಗುಹೆಗೆ ಹೋಗಿ ನನಗೊಂದು ಮಣ್ಣುಕೂಸು ಕಟ್ಕೊಂಡು ಬಾ. ಮದುವೆ ಆಗದ ನಾದಿನಿ ತಂದ್ರೆ ಇನ್ನೂ ಒಳ್ಳೇದಂತೆ" ಅಂದೆ. ನಾನು ಹೇಳಿದ ಉತ್ತರ ಲಾರಿಯಲ್ಲಿದ್ದ ಒಂಬತ್ತು ಜನಕ್ಕೂ ಕೇಳಿಸಿತು. "ಮೊದಲನೇದು, ನನ್ನ ಹೆಸರು ಲಿಶಿನ್. ಎರಡನೇದು, ಮಣ್ಣು ಯಾರನ್ನೂ ಬಸುರಿ ಮಾಡಲ್ಲ. ಮೂರನೇದು, ಕೊರತೆ ನಿನ್ನದೋ ಅಣ್ಣನದೋ ಅಂತ ನೋಡೋಕೆ ಡಾಕ್ಟರಿದ್ದಾರೆ, ಕೂಸುತಾಯಮ್ಮ ಅಲ್ಲ!" ಅಣ್ಣ ಲಾರಿಯ ಗಾಲಿಯನ್ನೇ ನೋಡುತ್ತ ನಿಂತ. ನೀನು ನನ್ನ ಗಂಟಿನ ಹಗ್ಗವನ್ನು ಇನ್ನೊಮ್ಮೆ ಬಿಗಿದು ಕಟ್ಟಿ, ಹಿಂದೆ ಸರಿದೆ. ಮೂರರಲ್ಲಿ ಒಂದೂ ಸುಳ್ಳಲ್ಲ, ಈಗಲೂ ಹೇಳುತ್ತೇನೆ. ಮುಂದಿನ ಗಂಡುಮಗುವಿಗೆ ಕರೆಯೋಲೆಯಾಗಿ ನನಗಿಟ್ಟ 'ತಮ್ಮ ಬರಲಿ' ಎಂಬ ಹೆಸರಿಗೆ ನಾನು ಓಗೊಡುವುದಿಲ್ಲ. ಆದರೆ ಎಲ್ಲರೆದುರು ಹಾಗೆ ಹೇಳಬಾರದಿತ್ತು. ಗೋಧಿ ಕೊಯ್ಲಿನ ತನಕ ನೋಡುತ್ತೇನೆ, ಆಗಲೂ ಬಸುರಾಗದಿದ್ದರೆ ನಿನ್ನ ತವರಿನವರು ಬಂದು ಕರೆದುಕೊಂಡು ಹೋಗಲಿ ಎಂದು ಅಮ್ಮ ಹೊಸವರ್ಷದ ದಿನವೇ ಹೇಳಿದ್ದು ನನಗೆ ಗೊತ್ತಿತ್ತು. ಅವತ್ತು ನಾನು ಮದುವೆ ಕಾನೂನಿನ ಪುಸ್ತಿಕೆ ತಂದು ಅಮ್ಮನ ಮುಂದೆ ಹಿಡಿದು ಗಟ್ಟಿಯಾಗಿ ಓದಿದ್ದೆ. ಅಮ್ಮ ಅದನ್ನು ಇಸಿದುಕೊಂಡು ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು. ನಾನು ಗೆದ್ದೆನೆಂದು ನನಗೆ ಅನ್ನಿಸಿತ್ತು, ಯಾಕೆಂದರೆ ಅಮ್ಮನ ಹತ್ತಿರ ಉತ್ತರವಿರಲಿಲ್ಲ. ಆ ರಾತ್ರಿಯ ಊಟಕ್ಕೆ ನೀನು ಬರಲಿಲ್ಲ ಎನ್ನುವುದನ್ನು ನಾನು ಗಮನಿಸಿದ್ದು ಈಗ, ಇಲ್ಲಿ ಕೂತು.

ಇಲ್ಲಿ ತರಗತಿಯಲ್ಲಿ ಮೂಢನಂಬಿಕೆಗಳನ್ನು ಪಟ್ಟಿ ಮಾಡಿ ಎಂದಾಗ ಮೊದಲು ಎದ್ದು ನಿಂತವಳು ನಾನೇ. ಮಕ್ಕಳಿಲ್ಲದ ಹೆಂಗಸರು ನಾಲ್ಕನೇ ತಿಂಗಳ ಎಂಟರಂದು ಸಾವಿರ ಬುದ್ಧರ ಗುಹೆಗೆ ಹೋಗುತ್ತಾರೆ, ಮಕ್ಕಳನ್ನು ಕೊಡುವ ಕೂಸುತಾಯಮ್ಮನ ಮುಂದಿಟ್ಟ ಮಣ್ಣುಕೂಸಿನ ಕುತ್ತಿಗೆಗೆ ಕೆಂಪು ದಾರ ಕಟ್ಟುತ್ತಾರೆ, ಯಾರೂ ನೋಡದ ಹಾಗೆ ಕದ್ದು ಅಂಗಿಯೊಳಗೆ ಮುಚ್ಚಿಕೊಳ್ಳುತ್ತಾರೆ, ಬಾಯಿ ಬಿಡದೆ, ಹಿಂತಿರುಗಿ ನೋಡದೆ ಗುಹೆಗಳ ಎಲ್ಲೆ ದಾಟುತ್ತಾರೆ, ದಾರಿಯಲ್ಲಿ ಯಾರಾದರೂ ತಡೆದು ಮಾತಾಡಿಸಿದರೆ ಕೂಸು ಬರೀ ಮಣ್ಣಾಯಿತು ಎಂದು ಅಳುತ್ತಾರೆ ಎಂದೆಲ್ಲ ವಿವರಿಸಿದೆ. ಎಲ್ಲರೂ ನಕ್ಕರು. ತರಬೇತಿ ನಡೆಸುವ ಕಾಮ್ರೇಡ್ ಕೌ ನಗಲಿಲ್ಲ. ನಲವತ್ತರ ಹೆಂಗಸು, ಚಳಿಯಿರಲಿ ಬಿಸಿಲಿರಲಿ ಅದೇ ನೀಲಿ ಅಂಗಿ. "ಇಷ್ಟು ಚೆನ್ನಾಗಿ ಗೊತ್ತಿದ್ದೋಳು ಆ ದಿನ ಅಲ್ಲೇ ಇರು. ಗುಹೆಯವರು ಜನ ನಿಭಾಯಿಸೋಕೆ ಕೈ ಸಾಲಲ್ಲ ಅಂತ ಕೇಳಿದಾರೆ" ಅಂದರು. ಹೀಗೆ ನಮ್ಮಲ್ಲಿ ಆರು ಮಂದಿಯನ್ನು ಏಳನೇ ದಿನ ಬೆಳಕು ಹರಿಯುವಾಗ ಕತ್ತೆಗಾಡಿಗಳಲ್ಲಿ ಕಳಿಸಿದರು. ಕಲ್ಲುಮರಳಿನ ಬಯಲಿನಲ್ಲಿ ದಾರಿಯುದ್ದಕ್ಕೂ ಯಾತ್ರಿಕರು. ಮುದುಕಿಯರು ಗಾಡಿಯಲ್ಲಿ, ಗಂಡಸರು ಪಕ್ಕದಲ್ಲಿ, ರೊಟ್ಟಿಯ ಗಂಟು ಒಂಟೆಯ ಮೇಲೆ. ನಾನು ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡಿದ್ದೆ. ಒಬ್ಬ ಅಜ್ಜಿ ಅದನ್ನು ನೋಡಿ, ನಿನಗೂ ಹರಕೆಯಾ ಮಗಳೇ ಎಂದು ಕೇಳಿದಳು.

ಗುಹೆಗಳನ್ನು ನೋಡಿ ನಗಬೇಕೆಂದೇ ಹೋಗಿದ್ದೆ ಅತ್ತಿಗೇ. ನಗು ಬರಲಿಲ್ಲ. ಬಂಡೆಗೆ ಜೇನುಹುಟ್ಟಿನ ಹಾಗೆ ನೂರಾರು ಬಾಯಿ. ಒಳಗೆ ಕಾಲಿಟ್ಟರೆ ಗೋಡೆಯಲ್ಲಿ ಉಳುವವರು, ಹಾಲು ಕರೆಯುವವರು, ಮಳೆಯಲ್ಲಿ ಎತ್ತು ಹೊಡೆದುಕೊಂಡು ಓಡುವವನು. ದೇವರನ್ನು ಬರೆಯಲು ಬಂದವರು ನಮ್ಮಂಥವರನ್ನೂ ಬರೆದು ಹೋಗಿದ್ದಾರೆ. ಮೇಲಿನ ಸಾಲಿನ ಒಂದು ಗುಹೆಯಲ್ಲಿ ಬೋಧಿಸತ್ವನ ಮಣ್ಣಿನ ಮೂರ್ತಿಯಿದೆ. ಅದರ ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ ಹಾಗೇ ಬಿಟ್ಟಂತಿದೆ. ನೀನು ಹಿಟ್ಟಿನ ಹೂವು ಮಾಡುವಾಗ ಕೊನೆಯ ಎಸಳು ಚಿವುಟಿ ಕೈ ಹಿಂತೆಗೆಯುತ್ತೀಯಲ್ಲ, ಥೇಟ್ ಹಾಗೆ. ಅಲ್ಲಿ ತುಂಬ ಹೊತ್ತು ನಿಂತಿದ್ದೆ. ಇದನ್ನು ಮಾಡಿದವನ ಹೆಸರು ಎಲ್ಲೂ ಇಲ್ಲ, ಮಾಡಿಸಿದ ಸಾಹುಕಾರನ ಮನೆಮಂದಿಯ ಹೆಸರು ಮಾತ್ರ ಗೋಡೆಯ ಕೆಳಗೆ ಸಾಲಾಗಿದೆ ಎಂದು ನನಗೆ ಸಿಟ್ಟು ಬಂತು. ಹಿಂದಿನಿಂದ ಯಾರೋ, "ಕೈ ನೋಡಾಯ್ತಾ? ಕಾಲೂ ನೋಡು, ಕಾಲು ಇನ್ನೂ ಚೆನ್ನಾಗಿದೆ" ಅಂದರು. ಅವರೇ ದೌ ಅಜ್ಜ. ಬಂಡೆಯ ಮೇಲಿನಿಂದ ಗುಹೆಗಳ ಬಾಯಿಗೆ ದಿನವೂ ಸುರಿಯುವ ಮರಳನ್ನು ಗುಡಿಸುವುದು ಅವರ ಕೆಲಸ; ಮೂವತ್ತು ವರ್ಷದಿಂದ ಗುಡಿಸುತ್ತಿದ್ದಾರೆ, ಮರಳು ಮುಗಿದಿಲ್ಲ. "ಯಾವೂರು, ಮರಿ ಕಾಮ್ರೇಡ್?" ಎಂದು ಕೇಳಿದರು. ಮೂರು ಬಾವಿ ಅಂದೆ. "ಮೂರರಲ್ಲೂ ನೀರಿದ್ಯಾ, ಒಂದರಲ್ಲಿ ಭಾಷಣ ಇದ್ಯಾ?" ಎಂದು ನನ್ನ ತೋಳಿನ ಪಟ್ಟಿ ನೋಡಿ ನಕ್ಕರು. ಮರುದಿನ ಕೂಸುತಾಯಮ್ಮನ ಗುಹೆಗೆ ಯಾರನ್ನು ನಿಲ್ಲಿಸುವುದು ಎಂಬ ಮಾತು ಬಂದಾಗ ಅವರು ಗುಹೆಯ ಕಚೇರಿಯವರಿಗೆ, "ಅಲ್ಲಿಗೆ ಕಣ್ಣು ಮಂಜಾದೋರು ಯಾರಾದ್ರೂ ಇದ್ರೆ ಕಳಿಸಿ" ಅಂದರು. ತಮಾಷೆ ಎಂದುಕೊಂಡು, ಅಲ್ಲಿಗೆ ನಾನೇ ನಿಲ್ಲುತ್ತೇನೆ, ನನ್ನ ಕಣ್ಣು ಗಿಡುಗನ ಕಣ್ಣು ಎಂದು ಕೈಯೆತ್ತಿದೆ.

ಎಂಟನೇ ದಿನ ಬೆಳಿಗ್ಗೆ ಕೂಸುತಾಯಮ್ಮನ ಮುಂದಿನ ಮರದ ಹಲಗೆಯ ಮೇಲೆ ಬೆರಳುದ್ದದ ಮಣ್ಣುಕೂಸುಗಳು ಒತ್ತೊತ್ತಾಗಿ ಕೂತಿದ್ದವು. ಕೆಲವು ನಗುತ್ತಿದ್ದವು, ಒಂದು ಬೆರಳು ಚೀಪುತ್ತಿತ್ತು. ಹೆಂಗಸರು ಬಂದರು, ಮೊಣಕಾಲೂರಿದರು, ಹಲಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಎದ್ದು ಹೋದರು. ಬಿಸಿಲು ಏರುವ ಹೊತ್ತಿಗೆ ಮೂವತ್ತರ ಆಸುಪಾಸಿನ ಒಬ್ಬಳು ತಲೆಬಟ್ಟೆ ಸರಿಮಾಡಿಕೊಳ್ಳುವ ನೆಪದಲ್ಲಿ ಕೈಯನ್ನು ಸರಕ್ಕನೆ ಚಾಚಿದ್ದು ನನಗೆ ಕಾಣಿಸಿತು. "ಏಯ್! ಅಂಗಿಯೊಳಗೇನಿದೆ, ತೆಗಿ!" ಎಂದು ಕೂಗಿದೆ. ಅವಳು ತುಟಿ ಬಿಗಿಹಿಡಿದು ನನ್ನನ್ನೇ ನೋಡಿದಳು. ನಾನು ಮಾತಾಡಿಸಿಯಾಗಿತ್ತು, ಆದರೂ ಇನ್ನೂ ಉಳಿದೀತೇನೋ ಎಂಬಂತೆ ಅವಳು ಬಾಯಿ ಬಿಡಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಅವಳ ಅಂಗಿಯ ಮಡಿಕೆಯಿಂದ ಆ ಬೆರಳು ಚೀಪುವ ಕೂಸನ್ನು ಕಿತ್ತುಕೊಂಡೆ, ದಾರ ಹರಿಯಿತು. ಗುಹೆಯ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿದ್ದರು. ಅವರಿಗೆಲ್ಲ ನಾನು ಒಳ್ಳೆಯ ಭಾಷಣ ಮಾಡಿದೆ ಅತ್ತಿಗೇ, ತಡವರಿಸದೆ, ತರಬೇತಿ ಪುಸ್ತಿಕೆಯ ಹನ್ನೊಂದನೇ ಪುಟವನ್ನು ಬಾಯಿಪಾಠವಾಗಿ. ಆಮೇಲೆ ಉಳಿದ ಕೂಸುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಮುಚ್ಚಳ ಹಾಕಿ, ಅದರ ಮೇಲೆ ಕೂತೆ. ಅವಳು ಹೊರಗೆ ಹೋದಳು. ಅವಳ ಹಿಂದೆ ಬಂದ ಹೆಂಗಸರು ಖಾಲಿ ಹಲಗೆ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿರುಗಿದರು. ಇಷ್ಟು ಸಲೀಸಾಗಿ ಮೂಢನಂಬಿಕೆ ಸೋಲುತ್ತದೆ ಎಂದು ಗೊತ್ತಿದ್ದರೆ ಹಿಂದೆಯೇ ಸೋಲಿಸಬಹುದಿತ್ತು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಟವನ್ನು ಹರಿದಿಲ್ಲ, ಹರಿಯುವುದೂ ಇಲ್ಲ.

ಮಧ್ಯಾಹ್ನ ಕಳೆದ ಮೇಲೆ ದೌ ಅಜ್ಜ ಬಂದು, "ಎದ್ದು ಬಾ ಒಂದ್ನಿಮಿಷ" ಅಂದರು. ನಗುತ್ತಿರಲಿಲ್ಲ. ಏಣಿ ಹತ್ತಿಸಿ ಮೇಲಿನ ಸಾಲಿಗೆ ಕರೆದುಕೊಂಡು ಹೋದರು. ಆ ಬೋಧಿಸತ್ವನ ಎಡಗೈಯಲ್ಲಿ ಕಿರುಬೆರಳಿರಲಿಲ್ಲ. ಮುರಿದ ಕಡೆ ಒಳಗಿನ ಜೊಂಡುಕಡ್ಡಿ, ಅದಕ್ಕೆ ಸುತ್ತಿದ ಹುಲ್ಲು, ಇಷ್ಟು ಹಳೆಯದಾದರೂ ಹೊಸ ಒಣಹುಲ್ಲಿನ ಬಣ್ಣ. ಕೆಳಗೆ ಕೆಂಪು ದಾರದ ತುಂಡೊಂದು ಬಿದ್ದಿತ್ತು. ಯಾರೋ ದಾರ ಕಟ್ಟಿ, ಮುರಿದು, ಒಯ್ದಿದ್ದರು. "ಸಾವಿರದ ಇನ್ನೂರು ವರ್ಷ ಆಗಿತ್ತು ಆ ಬೆರಳಿಗೆ" ಎಂದು ಅಜ್ಜ ಹೇಳಿದರು. ಅವರು ನೆಲದ ಮೇಲಿನ ಮಣ್ಣಿನ ಪುಡಿಯನ್ನು ಅಂಗೈಯಲ್ಲಿ ಬಳಿದು ಕಾಗದದಲ್ಲಿ ಕಟ್ಟುತ್ತ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಾನು ಬಂದ ಹೊಸದ್ರಲ್ಲಿ ಪ್ರತೀ ವರ್ಷ ಎಂಟಕ್ಕೆ ಒಂದು ಬೆರಳು, ಒಂದು ಕಿವಿ, ಒಂದು ಕಾಲ್ಬೆರಳು ಹೋಗೋದು. ಕಾವಲು ಹಾಕಿದ್ವಿ, ಬೈದ್ವಿ, ಬಾಗಿಲಿಗೆ ಹಲಗೆ ಹೊಡೆದ್ವಿ. ಹೊಟ್ಟೆ ಉರಿಯೋಳಿಗೆ ಬೇಲಿ ಕಾಣುತ್ತಾ ಮಗಳೇ? ಆಮೇಲೆ ಹೊಳೆ ಮಣ್ಣು ತಂದು ನಾನೇ ಚಳಿಗಾಲದಲ್ಲಿ ಕೂಸು ಮಾಡೋಕೆ ಶುರು ಮಾಡ್ದೆ. ಕೊಟ್ರೆ ತಗೊಳ್ಳಲ್ಲ, ಕದ್ದಿದ್ದೇ ಆಗ್ಬೇಕು. ಅದಕ್ಕೆ ಇಟ್ಟು ಬೆನ್ನು ತಿರುಗಿಸಿ ನಿಲ್ತೀನಿ. ಹನ್ನೆರಡು ವರ್ಷದಿಂದ ಒಂದು ಉಗುರೂ ಹೋಗಿರಲಿಲ್ಲ." ಅದು ನನಗೆ ಹೇಳಿದ ಮಾತೂ ಅಲ್ಲ, ಆ ಕೈಗೆ ಹೇಳಿದ ಹಾಗಿತ್ತು. ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು.

ನನ್ನ ಬುದ್ಧಿ ನೋಡು, ಆಗಲೂ ನಾನು ಮಾಡಿದ್ದು ತಪ್ಪಿತಸ್ಥರನ್ನು ಹುಡುಕಲು ಓಡಿದ್ದು. ಬೆಳಿಗ್ಗೆ ಹಿಡಿದವಳೇ ಮುರಿದಿರಬೇಕು ಎಂದುಕೊಂಡು ತೊರೆಯ ಆಚೆ ಯಾತ್ರಿಕರು ಗಾಡಿ ಬಿಟ್ಟಿದ್ದ ಮರಗಳ ಕೆಳಗೆ ಹೋದೆ. ಅವಳು ಕತ್ತೆಗೆ ಹುಲ್ಲು ಹಾಕುತ್ತಿದ್ದಳು. ಝಾಯ್ ಮನೆಯ ಸೊಸೆ, ಊರು ಹಳದಿದಿಬ್ಬ ಎಂದು ಪಕ್ಕದ ಗಾಡಿಯವರು ಹೇಳಿದರು. ನನ್ನಿಂದ ಕಳಚಿಕೊಂಡು ಬಂದವಳು ಈ ಮರ ಬಿಟ್ಟು ಕದಲಿಲ್ಲ, ಊಟವನ್ನೂ ಮಾಡಿಲ್ಲ ಎಂದೂ ಹೇಳಿದರು. ನನ್ನನ್ನು ನೋಡಿ ಅವಳೇ, "ಬಾ ಬಾ, ಈಗ ಎಷ್ಟು ಬೇಕಾದ್ರೂ ಮಾತಾಡ್ಸು. ಇನ್ನು ಕೆಡೋಕೆ ಏನೂ ಉಳಿದಿಲ್ಲ" ಅಂದಳು. ನಾನು, ಅಕ್ಕಾ, ಮಣ್ಣಿನಿಂದ ಮಗು ಆಗುವುದಿಲ್ಲ ಎಂದು ನಿನಗೆ ಯಾರೂ ಹೇಳಲಿಲ್ಲವೇ ಎಂದು ಮೆತ್ತಗೆ ಕೇಳಿದೆ. ಅವಳು ನಕ್ಕಳು. ಅಂಥ ನಗು ನಾನು ಕೇಳಿರಲಿಲ್ಲ. "ಆಗುತ್ತೆ ಅಂತ ನಾನು ನಂಬಿದೀನಿ ಅಂದ್ಕೊಂಡ್ಯಾ? ಇವತ್ತಿಂದು ಐದನೇ ಕೂಸು ಕಣೇ. ನಾಲ್ಕು ತಗೊಂಡ್ ಹೋಗಿ ಆಯ್ತು. ಕೂಸು ಮನೇಲಿ ಮಲಗೋ ಕಟ್ಟೆ ಮೇಲೆ ಇರೋವರೆಗೂ ಯಾರೂ ಜೋರಾಗಿ ಮಾತಾಡಂಗಿಲ್ಲ, ಬೈಯಂಗಿಲ್ಲ, ಪಾತ್ರೆ ಎಸೆಯಂಗಿಲ್ಲ. ಗದ್ದಲ ಆದ್ರೆ ಬರೋ ಜೀವ ಹೆದರಿ ವಾಪಸ್ ಹೋಗುತ್ತಂತೆ. ನಮ್ಮತ್ತೆ ಅದನ್ನ ಬುದ್ಧನಿಗಿಂತ ಜಾಸ್ತಿ ನಂಬ್ತಾಳೆ. ಮುಂದಿನ ಎಂಟರ ತನಕ ನನಗೆ ಒಂದು ವರ್ಷ. ನಾಲ್ಕು ಕೂಸು, ನಾಲ್ಕು ವರ್ಷ. ಹೊಟ್ಟೆ ತುಂಬಾ ಉಂಡು, ಕಣ್ತುಂಬಾ ನಿದ್ದೆ ಮಾಡಿದ್ದು ಆ ನಾಲ್ಕು ವರ್ಷವೇ." ನಾನು ಹಾಳಾದವಳು, ಆಗಲೂ ಸುಮ್ಮನಾಗಲಿಲ್ಲ. ಅತ್ತೆ ಹಾಗೆ ನಡೆಸಿಕೊಂಡರೆ ಕಾನೂನಿದೆ ಅಂದೆ. "ಇದ್ಯಂತೆ, ಕೇಳಿದೀನಿ. ಊಟದ ಹೊತ್ತಿಗೆ ಅದು ನಮ್ಮನೆಗೆ ಬಂದು ನನ್ನ ಪಕ್ಕ ಕೂರುತ್ತಾ?" ಎಂದು ಕೇಳಿ ಮತ್ತೆ ಹುಲ್ಲು ಹಾಕತೊಡಗಿದಳು.

ಅತ್ತಿಗೇ, ಹನ್ನೊಂದನೇ ಪುಟದಲ್ಲಿ ಇದಕ್ಕೆ ಉತ್ತರ ಇಲ್ಲ, ಹನ್ನೆರಡರಲ್ಲೂ ಇಲ್ಲ. ಓಡಿಹೋಗಿ ಪೆಟ್ಟಿಗೆಯಿಂದ ಆ ಬೆರಳು ಚೀಪುವ ಕೂಸನ್ನು ತಂದೆ. ಅದರ ದಾರ ನನ್ನಿಂದಲೇ ಹರಿದಿತ್ತು, ಜೇಬಿನಲ್ಲಿ ನಿನ್ನ ದಾರವಿತ್ತು. ಅದನ್ನೇ ಕಟ್ಟಿದೆ, ಕೋಪ ಮಾಡಿಕೊಳ್ಳಬೇಡ. ಕೊಟ್ಟರೆ ತೆಗೆದುಕೊಳ್ಳುವುದಿಲ್ಲವೆಂದು ಗೊತ್ತಾಗಿತ್ತಲ್ಲ. ಗುಹೆಗಳ ಕಡೆಗೆ ವಾಪಸ್ ಬರುವಂತೆ ಅವಳಿಗೆ ಸನ್ನೆ ಮಾಡಿದೆ. ಕೂಸನ್ನು ಖಾಲಿ ಹಲಗೆಯ ಮೇಲಿಟ್ಟು, ಗೋಡೆಯ ಕಡೆ ತಿರುಗಿ, ಬಣ್ಣ ಹೋದ ಕುದುರೆಯೊಂದರ ಬಾಲವನ್ನು ನೋಡುತ್ತ ನಿಂತೆ. ಎಷ್ಟು ಹೊತ್ತು ನಿಲ್ಲಬೇಕೋ ತಿಳಿಯಲಿಲ್ಲ. ಬಟ್ಟೆಯ ಸದ್ದು ಕೇಳಿಸಿತು. ತಿರುಗಿ ನೋಡಿದಾಗ ಅವಳು ಎಲ್ಲೆಯ ಕಲ್ಲು ದಾಟುತ್ತಿದ್ದಳು, ಕತ್ತು ನೆಟ್ಟಗೆ, ಹಿಂತಿರುಗದೆ. ಉಳಿದ ಕೂಸುಗಳನ್ನೂ ಹಲಗೆಯ ಮೇಲೆ ಹರಡಿದೆ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಸುದ್ದಿ ಹೇಗೆ ಹಬ್ಬುತ್ತದೋ ದೇವರಿಗೇ ಗೊತ್ತು (ಇದು ಬರೀ ಮಾತಿನ ರೂಢಿ, ನಾನು ನಂಬುವುದಿಲ್ಲ). ಹೆಂಗಸರು ಒಬ್ಬೊಬ್ಬರಾಗಿ ಬಂದರು. ನಾನು ಆ ಕುದುರೆಯ ಬಾಲವನ್ನು ಎಷ್ಟು ನೋಡಿದೆನೆಂದರೆ ಈಗ ಕಣ್ಣು ಮುಚ್ಚಿ ಬರೆಯಬಲ್ಲೆ. ದೌ ಅಜ್ಜ ಬಾಗಿಲಲ್ಲಿ ಇಣುಕಿ, "ಗಿಡುಗನ ಕಣ್ಣಿಗೆ ಏನಾಯ್ತು?" ಎಂದು ಕೇಳಿ ಹೋದರು.

ಬಿಸಿಲು ಬಂಡೆಯಿಂದ ಇಳಿದಾಗ ತಿರುಗಿದೆ, ಹಲಗೆ ಬರಿದಾಗಿತ್ತು. ಆಗ ನನಗೆ ನಿನ್ನ ನೆನಪಾಯಿತು. ಮೊದಲಲ್ಲ, ಆಗ. ನಿನಗೂ ಒಂದು ಎತ್ತಿಡಬೇಕೆಂದು ಇಡೀ ಸಂಜೆ ನನಗೆ ಹೊಳೆಯಲೇ ಇಲ್ಲ. ಕಂಡವರ ಮನೆಯ ಸೊಸೆಯರಿಗೆಲ್ಲ ಬೆನ್ನು ತಿರುಗಿಸಿ ನಿಂತು, ನನ್ನ ಮನೆಯವಳನ್ನು ಮರೆತೆ. ಲಾರಿಯ ಹತ್ತಿರ ನೀನು ಕೇಳಿದ್ದು ಮಗುವನ್ನಲ್ಲ, ವರ್ಷವನ್ನು ಎಂದು ಗೊತ್ತಾದದ್ದೂ ಆ ಖಾಲಿ ಹಲಗೆಯ ಮುಂದೆಯೇ. ನೀನು ಹೇಳಲಿಲ್ಲ ಎಂದು ದೂರಲಾರೆ. ಮೊದಲನೇದು, ಎರಡನೇದು, ಮೂರನೇದು ಎಂದು ನಾನು ಎಣಿಸುತ್ತಿದ್ದರೆ ನೀನು ಯಾವಾಗ ಹೇಳಬೇಕಿತ್ತು?

ಮರುದಿನ ಕಾಮ್ರೇಡ್ ಕೌ ಪೇಟೆಯಿಂದ ಬಂದು ಸಭೆ ಕರೆದರು. ಬೆರಳು ಹೋದದ್ದು ನನ್ನ ತಪ್ಪಿನಿಂದ ಎಂದು ಎದ್ದು ನಿಂತು ಹೇಳಿದೆ. ನಮ್ಮವಳೇ ಒಬ್ಬಳು, ಇದಕ್ಕೆಲ್ಲ ಮೂಲ ಆ ಮುದುಕನ ಗೊಂಬೆಗಳು, ಮೊದಲು ಅವನ್ನು ನಿಲ್ಲಿಸಬೇಕು ಎಂದು ಶುರುಮಾಡಿದಳು. ಎರಡು ದಿನದ ಹಿಂದಾಗಿದ್ದರೆ ಆ ಮಾತನ್ನು ನಾನು ಇನ್ನೂ ಚೆನ್ನಾಗಿ ಆಡುತ್ತಿದ್ದೆ. ಅವಳ ಮಾತು ಮುಗಿಯುವ ಮೊದಲೇ ಎದ್ದು, "ಹನ್ನೆರಡು ವರ್ಷ ಒಂದು ಉಗುರೂ ಹೋಗಿಲ್ಲ. ನಾನು ಒಂದೇ ದಿನ ನಿಂತೆ, ಬೆರಳು ಹೋಯ್ತು. ಆ ಹೆಂಗಸರಿಗೆ ಮಕ್ಕಳು ಬೇಕು ಅನ್ನೋದು ಮೂಢನಂಬಿಕೆನಾ? ಮಕ್ಕಳಿಲ್ಲದೆಯೂ ಅವರು ನೆಮ್ಮದಿಯಾಗಿ ಉಣ್ಣೋ ಹಾಗೆ ನಾವು ಮಾಡೋ ತನಕ ಅಜ್ಜನ ಮಣ್ಣು ಮುಟ್ಟಬೇಡಿ!" ಅಂದೆ. ಕಾಮ್ರೇಡ್ ಕೌ ವರದಿಯಲ್ಲಿ 'ಬೆರಳು, ಒಂದು' ಎಂದು ಬರೆದರು, ನನಗೆ ಎರಡು ದಿನ ಅಜ್ಜನ ಜೊತೆ ಮರಳು ಗುಡಿಸುವ ಶಿಕ್ಷೆ ಬರೆದರು. ಪೆನ್ನಿನ ಮುಚ್ಚಳ ಹಾಕುತ್ತ, "ಗೊಂಬೆ ಅಂತ ಯಾರೋ ಏನೋ ಅಂದ್ರಲ್ಲ, ಗಾಳಿಗೆ ನನಗೆ ಸರಿಯಾಗಿ ಕೇಳಿಸಲಿಲ್ಲ" ಅಂದರು. ಸಭೆ ನಡೆದದ್ದು ಕೋಣೆಯೊಳಗೆ.

ಗುಡಿಸಿದೆ. ಬೆನ್ನು ಮುರಿದಿದೆ. ಬಿಡುವಿನಲ್ಲಿ ಅಜ್ಜ ಮುಂದಿನ ವರ್ಷಕ್ಕೆ ಮಣ್ಣು ಹದ ಮಾಡುತ್ತಿದ್ದರು, ಹತ್ತಿಯನ್ನು ಎಳೆ ಬಿಡಿಸಿ ಮಣ್ಣಿಗೆ ಸೇರಿಸಿ, ಕಿವಿಯ ಹಾಲೆಯ ಮೆದುವಿಗೆ ಬರುವ ತನಕ ನಾದಬೇಕಂತೆ. ಅವರಿಗೆ ನಿನ್ನ ವಿಷಯ ಹೇಳಿ, ಒಂದು ಕೂಸು ಮಾಡಿಕೊಡಿ ಎಂದು ಕೇಳಿದೆ. ಅಜ್ಜ ತಲೆ ಅಲ್ಲಾಡಿಸಿದರು. "ಎಂಟು ಮುಗೀತಲ್ಲಮ್ಮ. ಈಗ ಮಾಡಿದ್ದು ಬರೀ ಮಣ್ಣು." ಎಂಟರಂದೂ ಅದು ಬರೀ ಮಣ್ಣೇ ಅಲ್ಲವೇ ಅಜ್ಜ ಎಂದು ಕೇಳಿದೆ. ಅವರು ನಾದುವುದನ್ನು ನಿಲ್ಲಿಸಿ, "ಬರೀ ಮಣ್ಣಾಗಿದ್ರೆ ಅವತ್ತು ಅಷ್ಟು ಜೋರಾಗಿ ಯಾಕೆ ಕಿತ್ಕೊಂಡೆ?" ಎಂದರು.

ಅಮ್ಮನಿಗೆ ನಮಸ್ಕಾರ ಹೇಳು. ಅಮ್ಮನ ಮೇಲೆ ನನಗೆ ಸಿಟ್ಟಿದೆ, ಆದರೂ ಅವಳ ಮೊಣಕಾಲಿಗೆ ಬೇಕೆಂದು ಇಲ್ಲಿನ ಔಷಧಿ ಅಂಗಡಿಯಿಂದ ಮುಲಾಮು ತೆಗೆದುಕೊಂಡಿದ್ದೇನೆ. ಇದೇ ಅಂಗಡಿಯ ಮೇಲಿನ ಚಿಕಿತ್ಸಾಲಯದಲ್ಲಿ ವಾರಕ್ಕೆ ಎರಡು ದಿನ ಹೆಂಗಸರ ಡಾಕ್ಟರೊಬ್ಬರು ಕೂರುತ್ತಾರೆ, ಅಣ್ಣನೂ ಬಂದರೆ ಮಾತ್ರ ನೋಡುತ್ತಾರಂತೆ ಎಂದು ಅವನಿಗೆ ತಿಳಿಸು. ಅವನು ಬಟ್ಟಲಿನೊಳಗೆ ಮುಖವಿಟ್ಟರೆ ಬಟ್ಟಲು ತೆಗೆದಿಟ್ಟು ತಿಳಿಸು. ಇಪ್ಪತ್ತನೇ ತಾರೀಖಿನ ಲಾರಿಗೆ ಬರುತ್ತೇನೆ. ನಿನ್ನ ಕೆಮ್ಮು ಹೋಗಲಿ, ಕಣ್ಣು ಚುರುಕಾಗಿರಲಿ, ಐನೂರನೇ ಅಕ್ಷರ ಬೇಗ ಬರಲಿ.

ಕ್ಷಮೆಗೆ ಕಾದಿರುವ ನಿನ್ನ ನಾದಿನಿ
ಯಿನ್ ಲಿಶಿನ್
(ನಿನಗೆ ಬೇಕೆಂದರೆ ಲಾಯ್‌ದೀ)

ತಾ.ಕ. ಅಂಚೆಚೀಲ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಹತ್ತನೇ ದಿನ ಅಜ್ಜನ ಮಣ್ಣಿನಲ್ಲಿ ನಾನೇ ಒಂದು ಕೂಸು ಮಾಡಿದೆ. ಒಂದು ಕಿವಿ ದೊಡ್ಡದು, ಮುಖ ಅಣ್ಣನ ಹಾಗೆ ಜೋಲು, ಆದರೂ ಕೂಸೇ. ತರುತ್ತಿದ್ದೇನೆ. ಅಮ್ಮ ಮೂರು ಪ್ರಶ್ನೆ ಕೇಳೇ ಕೇಳುತ್ತಾಳೆ: ಎಂಟರಂದೇ ತೆಗೆದುಕೊಂಡೆಯಾ, ಯಾರಾದರೂ ಮಾತಾಡಿಸಿದರಾ, ಹಿಂತಿರುಗಿ ನೋಡಿದೆಯಾ. ಎಂಟರಂದೇ, ಇಲ್ಲ, ಇಲ್ಲ ಎಂದು ಎರಡು ಬೆಳಿಗ್ಗೆಯಿಂದ ಬಾವಿಗೆ ಮುಖವಿಟ್ಟು ಅಭ್ಯಾಸ ಮಾಡುತ್ತಿದ್ದೇನೆ. ಹತ್ತೊಂಬತ್ತು ವರ್ಷದಲ್ಲಿ ಅಮ್ಮನಿಗೆ ನಾನು ಹೇಳುವ ಮೊದಲ ಸುಳ್ಳು. ಚೆನ್ನಾಗಿಯೇ ಹೇಳುತ್ತೇನೆ. ಕೊಯ್ಲಿಗೆ ನಿನ್ನನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ, ಮುಂದಿನ ಎಂಟರ ತನಕ ಆ ಮನೆಯಲ್ಲಿ ಪಾತ್ರೆಯ ಸದ್ದೂ ಆಗಬಾರದು. ಆ ವರ್ಷದಲ್ಲಿ ಏನು ಮಾಡಬೇಕೆಂದು ನನ್ನ ತಲೆಯಲ್ಲಿ ಮೂವತ್ತು ಯೋಚನೆಗಳಿವೆ, ಒಂದನ್ನೂ ಹೇಳುವುದಿಲ್ಲ, ನೀನು ಕೇಳಿದರೆ ಮಾತ್ರ. ಒಂದೇ ಬೇಡಿಕೆ: ನಾನು ಅಮ್ಮನಿಗೆ ಉತ್ತರ ಕೊಡುವಾಗ ನೀನು ನನ್ನ ಮುಖ ನೋಡಬೇಡ. ಒಲೆಯ ಕಡೆ ತಿರುಗಿಕೊಂಡು ನಿಂತಿರು.